ಸಮುದಾಯ ಪ್ರವಾಸೋದ್ಯಮದ ಅಂತರ್ಜಾಲ ಸಾಧನಗಳು: ನಿಡಘಟ್ಟ ಮತ್ತು ಕೊಕ್ಕರೆ ಬೆಳ್ಳೂರು ಪ್ರದೇಶ

ಪ್ರೇಕ್ಷಣೀಯ ಸ್ಥಳವೊಂದರ ಆತಿಥ್ಯ, ಮಾರ್ಗದರ್ಶನ, ನಿಯಮನಿರ್ಣಯ ಹಾಗೂ ಆದಾಯಗಳು ಹೊರಗಿನ ಬಂಡವಾಳಗಾರನ ವಶವಾಗದೆ ಅಲ್ಲಿಯ ನಿವಾಸಿಗಳ ಕೈಯಲ್ಲಿಯೇ ಉಳಿಯುವ ವ್ಯವಸ್ಥೆಗೆ ಸಮುದಾಯ ಪ್ರವಾಸೋದ್ಯಮವೆಂದು ಹೆಸರು. ಕರ್ನಾಟಕದಲ್ಲಿ ಹಂಪೆಯ ಎದುರುದಡದ ಆನೆಗೊಂದಿಯಲ್ಲಿ 1997ರಲ್ಲಿ ಸ್ಥಾಪಿತವಾದ ಕಿಷ್ಕಿಂಧಾ ಟ್ರಸ್ಟ್ ಈ ದಿಕ್ಕಿನ ಗಣ್ಯ ಪ್ರಯತ್ನ. ಇಂಥ ಗ್ರಾಮಗಳನ್ನು ಲೋಕಕ್ಕೆ ಪರಿಚಯಿಸುವ ಕಾರ್ಯದಲ್ಲಿ ಅಂತರ್ಜಾಲದ ಭೂಪಟಗಳು, ಪಕ್ಷಿಗಣನೆಯ ಪಟ್ಟಿಗಳು, ಮುಕ್ತ ವಿಶ್ವಕೋಶಗಳು, ಸರ್ಕಾರಿ ತಾಣಗಳು ಮತ್ತು ಸಂಶೋಧನ ವರದಿಗಳು ಇಂದು ಮುಖ್ಯ ಸಾಧನಗಳಾಗಿ ಪರಿಣಮಿಸಿವೆ. ಅವುಗಳ ಶಕ್ತಿಯನ್ನೂ ಕೊರತೆಯನ್ನೂ ಒಟ್ಟಿಗೆ ಕಾಣಬೇಕಾದವರಿಗೆ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕು ಯೋಗ್ಯವಾದ ನಿದರ್ಶನ.

ಈ ತಾಲ್ಲೂಕಿನ ಮೂಡಣ ಅಂಚಿನಲ್ಲಿರುವ ನಿಡಘಟ್ಟ, ಬೆಂಗಳೂರು–ಮೈಸೂರು ಹೆದ್ದಾರಿಯ ಕಾಮಗಾರಿಯನ್ನು ಇಲ್ಲಿಗೆ ಎರಡು ಭಾಗವಾಗಿ ವಿಂಗಡಿಸಿದ್ದರಿಂದಲೇ ಪತ್ರಿಕೆಗಳಲ್ಲಿ ಪದೇ ಪದೇ ಕಾಣಿಸಿಕೊಂಡ ಊರು. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಈ ಹೆದ್ದಾರಿಯ ದಶಪಥವು ಮದ್ದೂರು ಪಟ್ಟಣಕ್ಕೆ ಇಳಿಯದೆ ಸಾಗುವುದರಿಂದ, ಹಿಂದೆ ಅಲ್ಲಿಯ ಹೆಸರಾಂತ ವಡೆಯ ನೆವದಲ್ಲಿ ಇಳಿದು, ಚಹಾ ಕುಡಿದು, ಹತ್ತಿರ ನೋಡತಕ್ಕ ಸ್ಥಳಗಳಾವುವೆಂದು ಅಂಗಡಿಯವನನ್ನು ವಿಚಾರಿಸುತ್ತಿದ್ದ ಪ್ರಯಾಣಿಕನು ಈಗ ತಡೆಯಿಲ್ಲದೆ ಮುಂದೆ ಸರಿದುಹೋಗುತ್ತಾನೆ. ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯಪಥದಲ್ಲಿ ದ್ವಿಚಕ್ರ ವಾಹನ, ಆಟೋ, ಟ್ರಾಕ್ಟರುಗಳಿಗೆ ನಿಷೇಧ ಬಂದ ಮೇಲೆ ಊರಿನವರ ದಾರಿಯೇ ಬೇರೆ, ಹಾದುಹೋಗುವವರ ದಾರಿಯೇ ಬೇರೆ ಎಂಬಂತಾಯಿತು. ರಸ್ತೆಬದಿಯ ಫಲಕ ಮಾಡುತ್ತಿದ್ದ ಕೆಲಸವನ್ನು ಇನ್ನು ಮೊಬೈಲಿನ ಭೂಪಟವೇ ಮಾಡಬೇಕು. ಎಲ್ಲಿ ತಿರುಗಬೇಕೆಂಬುದು ಮನೆ ಬಿಡುವ ಮೊದಲೇ ನಿಶ್ಚಯವಾಗಿರಬೇಕು.

ತಿರುಗಿದವನಿಗೆ ದೊರೆಯುವುದು ಕೊಕ್ಕರೆ ಬೆಳ್ಳೂರು. ಹಳೆಯ ಹೆದ್ದಾರಿಯ ರುದ್ರಾಕ್ಷಿಪುರದಿಂದ ಸುಮಾರು 12 ಕಿಲೋಮೀಟರು ಒಳಗೆ, ಶಿಂಷಾ ನದಿಯ ಸಮೀಪದಲ್ಲಿರುವ ಈ ಗ್ರಾಮದ ನಟ್ಟನಡುವಣ ಹುಣಸೆ, ಅರಳಿ, ಆಲದ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿ, ಮರಿಗಳನ್ನು ಬೆಳೆಸಿ, ಬೇಸಗೆಯ ಕೊನೆಗೆ ಹಾರಿಹೋಗುತ್ತವೆ. ಇವು ಹೆರಿಗೆಗಾಗಿ ತವರಿಗೆ ಬರುವ ಹೆಣ್ಣುಮಕ್ಕಳೆಂದೇ ಗ್ರಾಮಸ್ಥರ ಭಾವನೆ. ಪ್ಲೇಗಿಗೆ ಅಂಜಿ ಊರು ಹೊಳೆಯ ದಡವನ್ನು ಬಿಟ್ಟು ಬಂದಾಗ ಹಕ್ಕಿಗಳೂ ಬೆನ್ನಹಿಂದೆ ಬಂದವೆಂಬ ಐತಿಹ್ಯವುಂಟು. ಭಾವನೆಯ ಜೊತೆಗೆ ಲೆಕ್ಕವೂ ಉಂಟು: ಮರದ ಬುಡದಲ್ಲಿ ಗುಂಡಿ ತೋಡಿ, ಅದಕ್ಕೆ ಕೆರೆಯ ಗೋಡುಮಣ್ಣು ಸುರಿದು, ಮೇಲಿನಿಂದ ಬೀಳುವ ಹಿಕ್ಕೆಯನ್ನು ಅದರೊಡನೆ ಬೆರೆಸಿ ಗದ್ದೆಗೆ ಸಾಗಿಸುವುದು ಇಲ್ಲಿಯ ಹಳೆಯ ರೂಢಿ. ಆದರೆ ಹುಣಸೆ ಮಾಗಿ ಬಡಿಯಬೇಕಾದ ತಿಂಗಳುಗಳೇ ಮರಿಗಳು ಗೂಡಿನಲ್ಲಿರುವ ತಿಂಗಳುಗಳೂ ಆಗಿರುವುದರಿಂದ, ಮರದ ಒಡೆಯನು ಫಲವನ್ನು ಬಿಟ್ಟುಕೊಡಬೇಕಾಗುತ್ತದೆ. ಈ ನಷ್ಟಕ್ಕಾಗಿ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬೆಳೆದುಬಂದಿದೆ. ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಆವರಣವೊಂದರಲ್ಲಿರಿಸಿ, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಟ್ಟುಬಿಡುವ ಕೆಲಸವನ್ನು ಗ್ರಾಮದ ತರುಣರ ಹೆಜ್ಜಾರ್ಲೆ ಬಳಗವು ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಸಹಾಯದಿಂದ 1990ರ ದಶಕದಲ್ಲಿ ಕೈಗೊಂಡಿತು. ವನ್ಯಜೀವಿ ಕಾಯಿದೆಗೆ 2002ರಲ್ಲಾದ ತಿದ್ದುಪಡಿ ಜನವಸತಿಯ ನೆಲಕ್ಕೂ ರಕ್ಷಣೆಯ ಅವಕಾಶವನ್ನು ಕಲ್ಪಿಸಿದ ಬಳಿಕ, 2007ರಲ್ಲಿ ಈ ಗ್ರಾಮ ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು.

ಬೆಳ್ಳೂರನ್ನು ಕುರಿತ ಬರಹ ಅಂತರ್ಜಾಲಕ್ಕಿಂತ ಹಳೆಯದು. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1970ರ ದಶಕದಲ್ಲಿ ಇಲ್ಲಿಯ ಹಕ್ಕಿಗಳನ್ನು ಕುರಿತು ಬರೆದ ಮೇಲೆ ಹೊರಗಿನ ಪಕ್ಷಿವೀಕ್ಷಕರ ದೃಷ್ಟಿ ಇತ್ತ ಹರಿಯಿತು. ಕೆ. ಮನು ಮತ್ತು ಸಾರಾ ಜಾಲಿ ಬರೆದು, ಕಲ್ಪವೃಕ್ಷ ಸಂಸ್ಥೆ 2000ದಲ್ಲಿ ಹೊರತಂದ ಅಧ್ಯಯನ ಗ್ರಂಥವು ಹಕ್ಕಿಯಷ್ಟೇ ಗಮನವನ್ನು ಗ್ರಾಮದ ಜನರಿಗೂ ಸಲ್ಲಿಸಿದೆಯಾದ್ದರಿಂದ, ಈ ಊರಿಗೆ ಹೋಗುವವನು ಮೊದಲು ಓದತಕ್ಕದ್ದು ಅದೇ ಎಂದು ಹೇಳಲು ಸಂಕೋಚವಿಲ್ಲ. ಅಮೆರಿಕದ ಕಾರ್ನೆಲ್ ಪಕ್ಷಿಶಾಸ್ತ್ರ ಪ್ರಯೋಗಶಾಲೆ 2002ರಲ್ಲಿ ಆರಂಭಿಸಿದ ಇಬರ್ಡ್ ತಾಣದಲ್ಲಿ ವೀಕ್ಷಕರು ಸೇರಿಸುವ ಪಟ್ಟಿಗಳಿಂದ, ಯಾವ ತಿಂಗಳಲ್ಲಿ ಯಾವ ಹಕ್ಕಿ ಕಂಡಿತೆಂಬುದನ್ನು ಯಾರು ಬೇಕಾದರೂ ತಿಳಿಯಬಹುದು. 2004ರಿಂದ ನಡೆದುಬಂದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ಭೂಪಟದಲ್ಲಿ ಓಣಿಯ ಹೆಸರನ್ನೂ ಕೆರೆಯ ಹೆಸರನ್ನೂ ಕನ್ನಡದಲ್ಲಿಯೇ ನಮೂದಿಸಲು ಊರಿನ ಹುಡುಗನೊಬ್ಬನಿಗೆ ಯಾರ ಅಪ್ಪಣೆಯೂ ಬೇಕಿಲ್ಲ. 2003ರಲ್ಲಿ ಮೊದಲಾದ ಕನ್ನಡ ವಿಕಿಪೀಡಿಯದ ಮಾತೂ ಹೀಗೆಯೇ. ಮನೆತಂಗು ನಡೆಸಬಯಸುವವರಿಗೆ ಪ್ರವಾಸೋದ್ಯಮ ಇಲಾಖೆಯ ನೋಂದಣಿಯೂ ಅಂತರ್ಜಾಲದಲ್ಲಿಯೇ ಸಾಧ್ಯ. ಅದರ ಕ್ರಮ ಅಲ್ಲಿಯೇ ಸಿಗುವುದರಿಂದ ಇಲ್ಲಿ ವಿವರಿಸುವ ಅಗತ್ಯವಿಲ್ಲ.

ಇಷ್ಟೆಲ್ಲ ಸಾಧನಗಳಿದ್ದರೂ, ಇವುಗಳನ್ನು ತುಂಬುವವರು ಬಹುಮಟ್ಟಿಗೆ ಬಂದುಹೋಗುವವರೇ ಹೊರತು ಇರುವವರಲ್ಲ. ಛಾಯಾಚಿತ್ರದಲ್ಲಿ ಹಕ್ಕಿ ಕಾಣುತ್ತದೆ, ಮರದ ಒಡೆಯ ಕಾಣುವುದಿಲ್ಲ. ಭೂಪಟ ದಾರಿಯನ್ನು ತೋರಿಸುತ್ತದೆ, ಋತುವನ್ನು ತೋರಿಸುವುದಿಲ್ಲ. ಆಷಾಢದಲ್ಲಿ ಬಂದವನು ಬರಿಯ ಮರಗಳನ್ನು ನೋಡಿ, ಹಕ್ಕಿಯೇ ಇಲ್ಲವೆಂದು ತಾಣದಲ್ಲಿ ಒಂದು ಚುಕ್ಕಿ ಕೊಟ್ಟು ಹೋದರೆ ಅದಕ್ಕೆ ಸಮಾಧಾನ ಬರೆಯಬೇಕಾದವನು ಗ್ರಾಮಸ್ಥನೇ. 2017ರ ಕೊನೆಯಿಂದ 2018ರ ವರೆಗೆ ಜಂತುಹುಳುವಿನ ಬಾಧೆಯಿಂದ ಹಲವು ಹೆಜ್ಜಾರ್ಲೆಗಳು ಸತ್ತ ವಾರ್ತೆ ಎಲ್ಲೆಡೆ ಹರಡಿತು. ಇಂಥ ವಾರ್ತೆ ಹುಡುಕಿದಾಗಲೆಲ್ಲ ಮತ್ತೆ ಮತ್ತೆ ಮೇಲೆದ್ದು ಬರುತ್ತದೆಯಾದರೆ, ಆಮೇಲಿನ ವರ್ಷಗಳ ಸ್ಥಿತಿಯನ್ನು ಅದರ ಪಕ್ಕದಲ್ಲಿ ಇಡುವುದು ಸ್ಥಳದವರಿಂದ ಮಾತ್ರ ಆಗತಕ್ಕ ಕೆಲಸ. ಹಕ್ಕಿ ಬಂದ ದಿನ, ಮರಿಯಾದ ವಾರ, ಮರದಡಿ ನಿಲ್ಲಬೇಕಾದ ದೂರ, ಪಟಾಕಿ ಮತ್ತು ಡ್ರೋನುಗಳು ಸಲ್ಲವೆಂಬ ಎಚ್ಚರಿಕೆ, ಊಟ ಹೇಳಿಡಲು ಬಳಗದ ಒಂದು ದೂರವಾಣಿ ಸಂಖ್ಯೆ: ಇವಿಷ್ಟು ಕನ್ನಡದಲ್ಲಿ, ಊರಿನವರದೇ ಪುಟವೊಂದರಲ್ಲಿ, ಪ್ರತಿವರ್ಷ ಪರಿಷ್ಕೃತವಾಗಿ ದೊರೆಯುವುದು ದುಬಾರಿ ಜಾಹೀರಾತಿಗಿಂತ ಮೇಲು.

ನೆರೆಯ ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಗೆ ಪ್ರಚಾರದ ಕೊರತೆಯಿಲ್ಲ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿದ ಶಿವನಸಮುದ್ರದ ಖ್ಯಾತಿ ಅದರ ಬೆನ್ನಿಗಿದೆ. 1938ರ ಧ್ವಜ ಸತ್ಯಾಗ್ರಹದ ನೆನಪಿನ ಶಿವಪುರದ ಸತ್ಯಾಗ್ರಹ ಸೌಧ ಹಾಗೂ ಜೈನ ಅವಶೇಷಗಳಿಂದ ಕೂಡಿದ ಆರೆತಿಪ್ಪೂರುಗಳಿಗೆ ಆ ಭಾಗ್ಯವಿಲ್ಲ. ಬೆಳ್ಳೂರಿಗೆ ಬಂದವನನ್ನು ಅದೇ ದಿನ ಇವೆರಡಕ್ಕೂ ಕರೆದೊಯ್ಯಬಲ್ಲ ಸ್ಥಳೀಯ ಆಟೋ ಚಾಲಕನ ಹೆಸರು ಭೂಪಟದಲ್ಲಿ ಸೇರಿದರೆ, ದಶಪಥವು ಕಸಿದುಕೊಂಡ ವ್ಯಾಪಾರದ ಒಂದಂಶವಾದರೂ ಸೇವಾರಸ್ತೆಗೆ ಹಿಂದಿರುಗೀತು.