ರಸ್ತೆಯಲ್ಲಿ ಮನೆಯವರನ್ನು ಕಳೆದುಕೊಂಡಾಗ: ಪರಿಹಾರ ಕೇಳುವುದು ಹೇಗೆ?

ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ನಡಕೊಂಡು ಹೋಗೋದು ನಮ್ಮ ಸಾಲಹಳ್ಳಿ ಕಡೆಯವರಿಗೆ ಹೊಸದಲ್ಲ. 2023ರ ಜನವರಿ ಮೊದಲ ವಾರ, ಬನದ ಹುಣ್ಣಿಮೆ ಹೊತ್ತಿಗೆ, ರಾಮದುರ್ಗ ತಾಲೂಕಿನ ಹುಲಕುಂದದವರೂ ಹೀಗೇ ಹೊರಟಿದ್ದರು. ದಾರಿಯಲ್ಲಿ ಒಂದು ಗೂಡ್ಸ್ ಗಾಡಿ ಹತ್ತಿದರು. ಚುಂಚನೂರ ಬಳಿ ಅದು ಆಲದ ಮರಕ್ಕೆ ಗುದ್ದಿತು. ಆರು ಜನ ಸತ್ತರು. ಆಗಿನ ಜಿಲ್ಲಾ ಉಸ್ತುವಾರಿ ಸಚಿವ ಗೋವಿಂದ ಕಾರಜೋಳ ಪರಿಹಾರ ಘೋಷಿಸಿದರು.

ಈ 'ಪರಿಹಾರ' ಅನ್ನೋ ಪದದಲ್ಲೇ ತೊಡಕಿದೆ. ಸಚಿವರು ಘೋಷಿಸುವ ಹಣಕ್ಕೂ ನ್ಯಾಯಮಂಡಳಿ ಕೊಡಿಸುವ ಹಣಕ್ಕೂ ನಾವು ಒಂದೇ ಹೆಸರು ಇಟ್ಟಿದ್ದೇವೆ. ಮೊದಲನೆಯದು ಸರ್ಕಾರದ ಮರ್ಜಿ, ಎರಡನೆಯದು 1988ರ ಮೋಟಾರು ವಾಹನ ಕಾಯ್ದೆ ಕೊಟ್ಟ ಹಕ್ಕು. ಸರ್ಕಾರದ ಚೆಕ್ ತಗೊಂಡರೆ ಈ ಹಕ್ಕು ಹೋಗುವುದಿಲ್ಲ.

"ಹೋದ ಜೀವಕ್ಕ ರೊಕ್ಕದ ಲೆಕ್ಕ ಏನ್ ಹಾಕ್ತಿ ತಮ್ಮಾ?" ಅಂತ ಸಾವಿನ ಮನೆಯಲ್ಲಿ ಹಿರಿಯರು ನನ್ನನ್ನು ಕೇಳಿದ್ದುಂಟು. ಜೀವದ ಬೆಲೆ ಕಟ್ಟೋಕೆ ಯಾರಿಂದಲೂ ಆಗದು. ಕೋರ್ಟ್ ಲೆಕ್ಕ ಹಾಕುವುದು ಮನೆಗೆ ಬರುತ್ತಿದ್ದ ದುಡಿಮೆಯದ್ದು.

ಲೆಕ್ಕ ಹೀಗಿದೆ

ಮೃತನಿಗೆ 32 ವರ್ಷ, ತಿಂಗಳ ದುಡಿಮೆ 15,000 ರೂಪಾಯಿ, ಅವನನ್ನೇ ನಂಬಿದ್ದವರು ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅಂತಿಟ್ಟುಕೊಳ್ಳಿ. 2017ರ ಪ್ರಣಯ್ ಸೇಥಿ ತೀರ್ಪಿನಂತೆ, ಕಾಯಂ ನೌಕರಿ ಇಲ್ಲದ, 40 ದಾಟದವರಿಗೆ ಮುಂದಿನ ಗಳಿಕೆಗಾಗಿ ಶೇ. 40 ಸೇರಿಸುತ್ತಾರೆ: 21,000. ಅವಲಂಬಿತರು ನಾಲ್ವರಾದ್ದರಿಂದ, ಮೃತನ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯುತ್ತಾರೆ: 15,750. ವರ್ಷಕ್ಕೆ 1,89,000. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 31ರಿಂದ 35 ವಯಸ್ಸಿಗೆ ಗುಣಕ 16. ಒಟ್ಟು 30.24 ಲಕ್ಷ. ಅಂತ್ಯಕ್ರಿಯೆಯ ಖರ್ಚು, ಸಾಂಗತ್ಯ ನಷ್ಟದ ಹಣ ಇದಕ್ಕೆ ಪ್ರತ್ಯೇಕವಾಗಿ ಸೇರುತ್ತವೆ.

ಕೂಲಿಯವರ ಹತ್ತಿರ ಸಂಬಳದ ಚೀಟಿ ಎಲ್ಲಿರುತ್ತೆ? ಪುರಾವೆ ಇಲ್ಲದಿದ್ದರೆ ಕೋರ್ಟ್ ಅಂದಾಜು ಆದಾಯ ಹಿಡಿಯುತ್ತದೆ. ಸತ್ತವರು ಗೃಹಿಣಿಯಾಗಿದ್ದರೂ ಅಷ್ಟೇ. ಮನೆಗೆಲಸಕ್ಕೂ ಆದಾಯ ಕಟ್ಟಬೇಕೆಂದು 2021ರ ಕೀರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒತ್ತಿ ಹೇಳಿದೆ.

ಗೂಡ್ಸ್ ಗಾಡಿಯ ಕುತ್ತು

ಚುಂಚನೂರಿನಂಥ ಸಾವುಗಳಲ್ಲಿ ದೊಡ್ಡ ತೊಡಕು ವಿಮೆಯದ್ದು. ಸರಕು ವಾಹನದಲ್ಲಿ ಸುಮ್ಮನೆ ಹತ್ತಿ ಕೂತವರ ಹೊಣೆ ವಿಮಾ ಕಂಪನಿಗೆ ಇಲ್ಲವೆಂದು 2002ರ ಆಶಾ ರಾಣಿ ತೀರ್ಪು ಹೇಳಿದೆ. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಯಾಗಿ ಕೂತಿದ್ದರೆ ಮಾತು ಬೇರೆ. ಹಾಗಂತ ಕೇಸೇ ಇಲ್ಲವೆಂದಲ್ಲ. ಚಾಲಕನ ತಪ್ಪು ಸಾಬೀತಾದರೆ ಅವನೂ ಗಾಡಿ ಮಾಲೀಕನೂ ಹೊಣೆಗಾರರು. ಆದರೆ ಸಾಲದಲ್ಲಿ ಗಾಡಿ ತಂದ ಮಾಲೀಕನಿಂದ ಲಕ್ಷಗಟ್ಟಲೆ ವಸೂಲಿ ಮಾಡೋದು ಸುಲಭವಲ್ಲ. ಕೆಲವು ಪ್ರಕರಣಗಳಲ್ಲಿ, ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಎಂದು ಕೋರ್ಟ್‌ಗಳು ಆದೇಶಿಸಿವೆ. ವಕೀಲರಿಗೆ ಇದನ್ನು ಕೇಳಲು ಹೇಳಿ.

ಮಾಡಬೇಕಾದ್ದು

ಎಫ್‌ಐಆರ್, ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ದೋಷಾರೋಪ ಪಟ್ಟಿ, ಗಾಡಿಯ ವಿಮೆಯ ವಿವರ, ರೇಷನ್ ಕಾರ್ಡ್: ಇವುಗಳ ಪ್ರತಿ ಇಟ್ಟುಕೊಳ್ಳಿ.

2022ರ ಏಪ್ರಿಲ್ 1ರಿಂದ ಅರ್ಜಿಗೆ ಆರು ತಿಂಗಳ ಗಡುವು ಬಂದಿದೆ. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ. ಆದರೂ ಅದನ್ನು ನಂಬಿ ಕೂರಬೇಡಿ, ಗಡುವಿನೊಳಗೇ ಅರ್ಜಿ ಹಾಕಿ.

ದುಡಿಯಾಕ ಗೋವಾಕ್ಕೆ ಹೋದವರು ಅಲ್ಲಿನ ರಸ್ತೆಯಲ್ಲಿ ಸತ್ತರೂ ಅರ್ಜಿಯನ್ನು ಕುಟುಂಬ ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಹಾಕಬಹುದು. ಗುದ್ದಿದ ಗಾಡಿ ಸಿಗದಿದ್ದರೆ, ಹಿಟ್ ಅಂಡ್ ರನ್ ಯೋಜನೆಯಲ್ಲಿ 2 ಲಕ್ಷ ಸಿಗುತ್ತದೆ.

ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ತಾಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಊರ ಹಿರಿಯರ ಮುಂದೆ ರಾಜಿ ಅಂತ ಯಾರಾದರೂ ಕಾಗದ ತಂದರೆ, ವಕೀಲರಿಗೆ ತೋರಿಸದೆ ಸಹಿ ಬೇಡ. ಮಣ್ಣಿಗೆ ಹೋದಾಗ ಈ ಮಾತುಗಳನ್ನು ಹೇಳೋಕೆ ಬಾಯಿ ಬರಲ್ಲ, ಗೊತ್ತು. ಮೂರನೇ ದಿನವೋ ಐದನೇ ದಿನವೋ ಮತ್ತೊಮ್ಮೆ ಆ ಮನೆಗೆ ಹೋಗಿ, ಪಕ್ಕದಲ್ಲಿ ಕೂತು, ಕಾಗದಗಳನ್ನು ಓದಿ ಹೇಳಿ.