ಬೆಳ್ಳಿಯ ಕಿರುಕಣ

ವಾಚಕರೇ, ನ್ಯಾನೊಕಣವೆಂದರೆ ನಿನ್ನೆ ಮೊನ್ನೆಯ ಸೃಷ್ಟಿಯೆಂದು ನೀವು ಭಾವಿಸಬಹುದು. ಅದರ ಕಥೆ ಪೆನಿಸಿಲಿನ್ನಿಗಿಂತಲೂ ಹಳೆಯದು.

1881ರಲ್ಲಿ ಜರ್ಮನಿಯ ಲೈಪ್ಜಿಗ್ ನಗರದ ಸೂತಿಕಾವೈದ್ಯ ಕಾರ್ಲ್ ಕ್ರೆಡೆ, ಹಸುಗೂಸುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟಿನ ಹನಿ ಹಾಕುವ ಕ್ರಮವನ್ನು ಪ್ರಕಟಿಸಿದನು. ಹೆರಿಗೆಯ ವೇಳೆ ಅಂಟಿ ಕುರುಡಾಗಿಸುತ್ತಿದ್ದ ನೇತ್ರರೋಗವು ಆತನ ಆಸ್ಪತ್ರೆಯಲ್ಲಿ 100ಕ್ಕೆ ಸುಮಾರು 10ರಿಂದ 1ಕ್ಕೂ ಕೆಳಗಿಳಿಯಿತು. 1889ರಲ್ಲಿ ಅಮೆರಿಕದ ಕೇರಿ ಲೀ, ನೀರಿನಲ್ಲಿ ತೇಲಿ ನಿಲ್ಲುವಷ್ಟು ಸೂಕ್ಷ್ಮವಾದ ಬೆಳ್ಳಿಯನ್ನು ತಯಾರಿಸಿದನು; ಆ ಕಣಗಳು 10 ನ್ಯಾನೊಮೀಟರಿನೊಳಗಿನವೆಂದು ಅನಂತರ ತಿಳಿಯಿತು. ನ್ಯಾನೊಮೀಟರೆಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. 1897ರ ಹೊತ್ತಿಗೆ ಕ್ರೆಡೆಯ ಮಗ, ಶಸ್ತ್ರವೈದ್ಯ ಬೆನ್ನೊ, ಇಂಥ ಬೆಳ್ಳಿಯನ್ನು ನಂಜಿನ ಚಿಕಿತ್ಸೆಗೆ ತಂದನು.

ಕಣವು ಬೆಳ್ಳಿಯ ಅಯಾನುಗಳನ್ನು ಮೆಲ್ಲಮೆಲ್ಲನೆ ಬಿಡುತ್ತದೆ. ಅವು ರೋಗಾಣುವಿನ ಹೊದಿಕೆಯನ್ನೂ ಒಳಗಣ ಪ್ರೋಟೀನುಗಳನ್ನೂ ಕೆಡಿಸುತ್ತವೆ.

ಪೆನಿಸಿಲಿನ್ ಬಂದ ಮೇಲೆ ಬೆಳ್ಳಿ ಮೂಲೆ ಸೇರಿತು. ಆದರೆ ಅರೆಬರೆ ಪ್ರಮಾಣದ ಔಷಧ ರೋಗಾಣುವಿಗೆ ತಡೆಶಕ್ತಿ ಕಲಿಸೀತೆಂದು ಫ್ಲೆಮಿಂಗ್ 1945ರಲ್ಲೇ ಎಚ್ಚರಿಸಿದನು, ಹಾಗೆಯೇ ಆಯಿತು. ಆದ್ದರಿಂದಲೇ ಸಂಶೋಧಕರ ದೃಷ್ಟಿ ಮತ್ತೆ ಬೆಳ್ಳಿಯತ್ತ ಹೊರಳಿದೆ. ಸುಟ್ಟಗಾಯದ ಪಟ್ಟಿಗಳಲ್ಲಿ ಅದರ ನ್ಯಾನೊರೂಪ ಬಳಕೆಯಲ್ಲಿದೆ.

ಆದರೂ ಬೆಳ್ಳಿ ಅಜೇಯವಲ್ಲ. ಬಾಸ್ಟನ್ ನಗರದ ಸುಟ್ಟಗಾಯದ ವಾರ್ಡೊಂದರಲ್ಲಿ ಅದಕ್ಕೂ ಬಗ್ಗದ ಸಾಲ್ಮೊನೆಲ್ಲ ರೋಗಾಣು ಕಂಡುಬಂದುದು 1975ರಲ್ಲೇ ವರದಿಯಾಗಿದೆ. ಹೊಸ ಮದ್ದನ್ನು ಅರಸುವಷ್ಟೇ, ಇರುವ ಮದ್ದನ್ನು ಹಿತಮಿತವಾಗಿ ಬಳಸುವುದೂ ಅಗತ್ಯವೆಂದು ಈ ಚರಿತ್ರೆ ನಮಗೆ ಹೇಳುತ್ತದೆ.