ಡೊಮಿನಿಕಾದ ಬಿಸಿನೀರಿನ ಬುಗ್ಗೆಗಳು: ನೋಡಲು ಹೋಗುವವರು ಅರಿತಿರಬೇಕಾದದ್ದು

ವೆಸ್ಟ್ ಇಂಡೀಸ್ ಎಂದೊಡನೆ ನಮ್ಮವರಿಗೆ ಮೊದಲು ನೆನಪಾಗುವುದು ಕ್ರಿಕೆಟ್. ಡೊಮಿನಿಕಾ ದ್ವೀಪದ ರಾಜಧಾನಿ ರೋಸೋದಲ್ಲಿರುವ ವಿಂಡ್ಸರ್ ಪಾರ್ಕ್ ಕ್ರೀಡಾಂಗಣವೂ ನಮಗೆ ಹೊಸದಲ್ಲ. 2011ರ ಜುಲೈನಲ್ಲಿ ಕನ್ನಡಿಗ ರಾಹುಲ್ ದ್ರಾವಿಡ್ ಅಲ್ಲಿ ಟೆಸ್ಟ್ ಪಂದ್ಯ ಆಡಿದ್ದರು. 2023ರ ಜುಲೈನಲ್ಲಿ ಅವರು ತರಬೇತುದಾರರಾಗಿದ್ದ ಭಾರತ ತಂಡ ಅದೇ ಅಂಗಳದಲ್ಲಿ ಇನಿಂಗ್ಸ್ ಮತ್ತು 141 ರನ್‌ಗಳಿಂದ ಗೆದ್ದಿತು. ಆ ಕ್ರೀಡಾಂಗಣದಿಂದ ಕೆಲವೇ ಕಿಲೋಮೀಟರ್ ಬೆಟ್ಟದ ಕಡೆಗೆ ಸಾಗಿದರೆ ಗಂಧಕದ ವಾಸನೆ ಮೂಗಿಗೆ ಬಡಿಯುತ್ತದೆ. ರಸ್ತೆಯ ಬದಿಯಲ್ಲೇ ನೆಲದಿಂದ ಹಬೆ ಏಳುತ್ತದೆ. ಕ್ರಿಕೆಟ್ ನೋಡಲು ಬಂದವರಲ್ಲಿ ಅನೇಕರು ಕಾಣದೇ ಮರಳುವ ಡೊಮಿನಿಕಾ ಇದು.

ಡೊಮಿನಿಕಾವನ್ನು ಡೊಮಿನಿಕನ್ ಗಣರಾಜ್ಯದೊಂದಿಗೆ ಬೆರೆಸಬಾರದು. ಎರಡೂ ಬೇರೆ ಬೇರೆ ದೇಶಗಳು. ಸುಮಾರು 750 ಚದರ ಕಿಲೋಮೀಟರ್ ವಿಸ್ತೀರ್ಣದ ಈ ಪುಟ್ಟ ದ್ವೀಪದಲ್ಲಿ ಸುಮಾರು 70 ಸಾವಿರ ಜನರಿದ್ದಾರೆ. 1978ರ ನವೆಂಬರ್ 3ರಂದು ಬ್ರಿಟಿಷರಿಂದ ಸ್ವಾತಂತ್ರ್ಯ ಪಡೆದ ದೇಶವಿದು. ಆಡಳಿತ ಭಾಷೆ ಇಂಗ್ಲಿಷ್. ಮನೆಮಾತಾಗಿ ಫ್ರೆಂಚ್ ಮೂಲದ ಕ್ವೆಯೋಲ್ ಕೂಡ ಬಳಕೆಯಲ್ಲಿದೆ. ಮೂಲನಿವಾಸಿಗಳು ಈ ನಾಡನ್ನು ಕರೆದದ್ದು 'ವೈಟುಕುಬುಲಿ' ಎಂದು. 'ಆಕೆಯ ಮೈ ಎತ್ತರ' ಎಂಬುದು ಅದರ ಅರ್ಥ. ಕಡಲಿನಿಂದ ನೇರವಾಗಿ ಮೇಲೆದ್ದ ಬೆಟ್ಟಸಾಲುಗಳನ್ನು ಕಂಡವರಿಗೆ ಆ ಹೆಸರಿನ ಔಚಿತ್ಯ ತಾನಾಗಿಯೇ ತಿಳಿಯುತ್ತದೆ.

ನೀರು ಕುದಿಯುವುದೇಕೆ?

ಅಟ್ಲಾಂಟಿಕ್ ಸಾಗರದ ತಳದ ಶಿಲಾಫಲಕವು ಕೆರಿಬಿಯನ್ ಫಲಕದ ಅಡಿಗೆ ನಿಧಾನವಾಗಿ ಜಾರುತ್ತಿರುವುದರಿಂದ ಈ ಸಾಲಿನ ದ್ವೀಪಗಳು ಜ್ವಾಲಾಮುಖಿಗಳಾಗಿ ಹುಟ್ಟಿದವು. ಡೊಮಿನಿಕಾವೊಂದರಲ್ಲೇ ಮತ್ತೆ ಸಿಡಿಯಬಲ್ಲ ಒಂಬತ್ತು ಜ್ವಾಲಾಮುಖಿಗಳಿವೆ ಎಂದು ತಜ್ಞರು ಗುರುತಿಸಿದ್ದಾರೆ. ಇಲ್ಲಿ ಮಳೆ ಹೇರಳ. ನೆಲಕ್ಕಿಳಿದ ಮಳೆನೀರು ಆಳದ ಬಿಸಿಗೆ ಕಾದು, ಗಂಧಕ ಮತ್ತಿತರ ಖನಿಜಗಳನ್ನು ಕರಗಿಸಿಕೊಂಡು ಬುಗ್ಗೆಯಾಗಿ ಹೊರಬರುತ್ತದೆ.

ಇವುಗಳಲ್ಲಿ ಹೆಸರಾದದ್ದು 'ಕುದಿಯುವ ಸರೋವರ'. ಸುಮಾರು 60 ಮೀಟರ್ ಅಗಲದ ಈ ಸರೋವರ ವಾಸ್ತವವಾಗಿ ನೀರು ತುಂಬಿದ ಹಬೆಕುಳಿ. ದಂಡೆಯಲ್ಲೇ ನೀರಿನ ಉಷ್ಣತೆ 82ರಿಂದ 92 ಡಿಗ್ರಿ ಸೆಲ್ಸಿಯಸ್ ಇರುವುದು ದಾಖಲಾಗಿದೆ. ನಡುಭಾಗ ಸದಾ ಕೊತಕೊತನೆ ಕುದಿಯುತ್ತಿರುತ್ತದೆ. 2004ರ ಕೊನೆಯಲ್ಲಿ ಇದರ ನೀರು ಹಠಾತ್ತನೆ ಇಳಿದುಹೋಗಿ, ಕೆಲವು ತಿಂಗಳುಗಳ ಬಳಿಕ ಮತ್ತೆ ತುಂಬಿತು. ದಾರಿಯಲ್ಲಿ ಸಿಗುವ 'ನಿರ್ಜನ ಕಣಿವೆ'ಯಲ್ಲಿ 1880ರಲ್ಲಿ ಹಬೆಯ ಸ್ಫೋಟ ಸಂಭವಿಸಿ ರೋಸೋ ಪಟ್ಟಣದ ಮೇಲೂ ಬೂದಿ ಸುರಿದಿತ್ತು. ಈ ಪ್ರದೇಶ ಸೇರಿರುವ ಮೋರ್ನ್ ಟ್ರ್ವಾ ಪಿತೋಂ ರಾಷ್ಟ್ರೀಯ ಉದ್ಯಾನವನ್ನು ಯುನೆಸ್ಕೋ 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸರೋವರಕ್ಕೆ ಹೋಗಿಬರಲು ಸುಮಾರು ಆರು ಗಂಟೆಗಳ ಕಾಲ್ನಡಿಗೆ ಬೇಕು. ಅಷ್ಟು ನಡೆಯಲಾರದವರಿಗೆ ರೋಸೋ ಕಣಿವೆಯ ವಾಟನ್ ವೇವನ್ ಗ್ರಾಮದ ಬಿಸಿನೀರಿನ ಕೊಳಗಳಿವೆ. ಟ್ರಾಫಾಲ್ಗರ್‌ನ ಅವಳಿ ಜಲಪಾತಗಳಿಗೆ 'ತಂದೆ', 'ತಾಯಿ' ಎಂದೇ ಹೆಸರು; ತಂದೆಯ ಬಳಿ ಬಂಡೆಗಳ ನಡುವೆ ಬಿಸಿನೀರು ಹರಿಯುತ್ತದೆ. ದಕ್ಷಿಣದ ಸೂಫ್ರಿಯೇರ್ ಗ್ರಾಮದಲ್ಲಿ ಗಂಧಕದ ಬುಗ್ಗೆಗಳಿದ್ದು, ಕಡಲತೀರದಲ್ಲೂ ಮರಳಿನ ಅಡಿಯಿಂದ ಬಿಸಿನೀರು ಚಿಮ್ಮುತ್ತದೆ. ಅನತಿ ದೂರದ ಶಾಂಪೇನ್ ರೀಫ್‌ನಲ್ಲಿ ಸಮುದ್ರತಳದಿಂದ ಸಾಲುಸಾಲಾಗಿ ಗುಳ್ಳೆಗಳು ಏಳುತ್ತವೆ.

ಇದು ಊರವರ ಅಂಗಳ

ಪ್ರವಾಸಿಗರು ಮರೆಯುವ ಸಂಗತಿಯೊಂದಿದೆ. ವಾಟನ್ ವೇವನ್‌ನಂಥ ಊರಿನಲ್ಲಿ ಬುಗ್ಗೆಗಳು ಮನೆ, ತೋಟ, ಹೊಳೆಯ ನಡುವೆಯೇ ಇವೆ. ಅನೇಕ ಕೊಳಗಳನ್ನು ನಡೆಸುವವರು ಊರಿನವರೇ. ಕಲ್ಲು ಜೋಡಿಸಿ ಕೊಳ ಕಟ್ಟಿದವರು, ಬಿಸಿನೀರಿಗೆ ತಣ್ಣೀರು ಬೆರೆಸಿ ಹದ ಮಾಡಿದವರು, ದಾರಿ ಸವರಿದವರು ಅವರು. ಅವರು ಕೇಳುವ ಪ್ರವೇಶ ಶುಲ್ಕ ಆ ದುಡಿಮೆಯ ಕೂಲಿ. 'ಪ್ರಕೃತಿ ಕೊಟ್ಟ ನೀರಿಗೆ ಹಣವೇಕೆ' ಎಂದು ವಾದಕ್ಕಿಳಿಯುವುದು ಅತಿಥಿಗೆ ಶೋಭಿಸುವ ಮಾತಲ್ಲ.

ಇಲ್ಲಿನ ಶಿಷ್ಟಾಚಾರದಲ್ಲಿ ಮೊದಲನೆಯದು ವಂದನೆ. ಅಂಗಡಿಗೆ ಕಾಲಿಟ್ಟಾಗ, ಬಸ್ಸು ಹತ್ತಿದಾಗ, ದಾರಿಯಲ್ಲಿ ಹಿರಿಯರು ಎದುರಾದಾಗ 'ಗುಡ್ ಮಾರ್ನಿಂಗ್' ಅಥವಾ 'ಗುಡ್ ಆಫ್ಟರ್‌ನೂನ್' ಎನ್ನದೆ ನೇರವಾಗಿ ದಾರಿಯನ್ನೋ ಬೆಲೆಯನ್ನೋ ಕೇಳುವುದು ಒರಟುತನವೆನಿಸುತ್ತದೆ. ಕ್ವೆಯೋಲ್‌ನಲ್ಲಿ 'ಬೋಂಜು' ಎಂದು ವಂದಿಸಿ 'ಮೆಸಿ' ಎಂದು ಕೃತಜ್ಞತೆ ಹೇಳಿದರೆ ಮುಖಗಳು ಅರಳುತ್ತವೆ. ಈಜುಡುಗೆ ಕೊಳಕ್ಕೆ, ಕಡಲತೀರಕ್ಕೆ ಮಾತ್ರ ಸೀಮಿತ. ಪೇಟೆಗೆ ಬರುವಾಗ ಮೈತುಂಬ ಬಟ್ಟೆ ಇರಬೇಕು. ಸೈನಿಕರ ಸಮವಸ್ತ್ರವನ್ನು ಹೋಲುವ ಮಚ್ಚೆಬಣ್ಣದ ಉಡುಪನ್ನು ಮಕ್ಕಳೂ ತೊಡುವಂತಿಲ್ಲ. ಅದಕ್ಕೆ ಕಾನೂನಿನ ನಿಷೇಧವಿದೆ. ಜನರ ಛಾಯಾಚಿತ್ರ ತೆಗೆಯುವ ಮುನ್ನ ಅನುಮತಿ ಕೇಳಲೇಬೇಕು.

ಕಲಿನಾಗೊ ಜನರ ನಾಡು

ದ್ವೀಪದ ಈಶಾನ್ಯ ಕರಾವಳಿಯಲ್ಲಿ ಮೂಲನಿವಾಸಿ ಕಲಿನಾಗೊ ಜನರಿಗಾಗಿ 1903ರಲ್ಲಿ ಮೀಸಲಿಟ್ಟ ಸುಮಾರು 3,700 ಎಕರೆ ಭೂಮಿಯಿದೆ. ಈ ಭೂಮಿ ಸಮುದಾಯದ ಒಡೆತನದ್ದು, ಹೊರಗಿನವರಿಗೆ ಮಾರುವಂತಿಲ್ಲ. ಯುರೋಪಿಯನ್ನರು ಇವರನ್ನು 'ಕ್ಯಾರಿಬ್' ಎಂದು ಕರೆದರು, ನರಭಕ್ಷಕರೆಂಬ ಕಳಂಕವನ್ನೂ ಹಚ್ಚಿದರು. ಇಂಗ್ಲಿಷಿನ 'ಕ್ಯಾನಿಬಲ್' ಪದದ ಮೂಲ ಆ ಹೆಸರಿನಲ್ಲೇ ಇದೆ. 2006ರಲ್ಲಿ ತೆರೆಕಂಡ 'ಪೈರೇಟ್ಸ್ ಆಫ್ ದ ಕೆರಿಬಿಯನ್' ಸರಣಿಯ ಎರಡನೆಯ ಚಿತ್ರದ ಚಿತ್ರೀಕರಣ ಇಲ್ಲಿ ನಡೆದಾಗ, ನರಭಕ್ಷಣೆಯ ದೃಶ್ಯಗಳನ್ನು ಆಗಿನ ಕಲಿನಾಗೊ ಮುಖಂಡ ಚಾರ್ಲ್ಸ್ ವಿಲಿಯಮ್ಸ್ ಬಹಿರಂಗವಾಗಿ ವಿರೋಧಿಸಿದ್ದರು. 2015ರಲ್ಲಿ ಕಾನೂನಿನ ಮೂಲಕವೇ 'ಕ್ಯಾರಿಬ್' ಬದಲು 'ಕಲಿನಾಗೊ' ಎಂಬ ಹೆಸರು ಜಾರಿಗೆ ಬಂತು. 2023ರಲ್ಲಿ ಇದೇ ಸಮುದಾಯದ ಸಿಲ್ವೇನಿ ಬರ್ಟನ್ ದೇಶದ ರಾಷ್ಟ್ರಾಧ್ಯಕ್ಷರಾದರು. ಆ ಪದವಿಗೇರಿದ ಮೊದಲ ಮಹಿಳೆಯೂ ಅವರೇ. ಆದ್ದರಿಂದ ಇಲ್ಲಿಗೆ ಹೋಗುವವರು ಹಳೆಯ ಹೆಸರನ್ನೂ ಹಳೆಯ ಹಾಸ್ಯವನ್ನೂ ಬಿಟ್ಟುಹೋಗುವುದು ಒಳಿತು. ಲರೂಮಾ ಜೊಂಡಿನಿಂದ ಅವರು ಹೆಣೆಯುವ ಬುಟ್ಟಿಗಳನ್ನು ಹೆಣೆದವರಿಂದಲೇ ಕೊಂಡರೆ ಹಣ ಆ ಮನೆಗೇ ಸೇರುತ್ತದೆ.

ಎಚ್ಚರಿಕೆಗಳು

ಕುದಿಯುವ ಸರೋವರಕ್ಕೆ ಸ್ಥಳೀಯ ಮಾರ್ಗದರ್ಶಿಯಿಲ್ಲದೆ ಹೋಗಬಾರದು. ನಿರ್ಜನ ಕಣಿವೆಯಲ್ಲಿ ಗಟ್ಟಿಯಾಗಿ ಕಾಣುವ ನೆಲದ ಅಡಿಯಲ್ಲೇ ಕುದಿನೀರು ಇರಬಹುದು. ಗಂಧಕದ ನೀರಿಗೆ ಬೆಳ್ಳಿಯ ಒಡವೆ ಕಪ್ಪಾಗುತ್ತದೆ; ಕಳಚಿಡುವುದು ಲೇಸು. ಬಿಸಿನೀರಿನ ಕೊಳದಲ್ಲಿ ತಲೆ ಮುಳುಗಿಸಬಾರದು. ನೆರೆಯ ಗ್ವಾಡೆಲೋಪ್ ದ್ವೀಪದಲ್ಲಿ 2008ರಲ್ಲಿ ಇಂಥ ನೀರಿನಲ್ಲಿ ಈಜಿದ ಬಾಲಕನೊಬ್ಬ, ಮೂಗಿನ ಮೂಲಕ ಮಿದುಳಿಗೆ ಸೇರುವ ಅಮೀಬಾ ಸೋಂಕಿನಿಂದ ಮೃತಪಟ್ಟಿದ್ದನು. ಕೊಳದಲ್ಲಾಗಲಿ ಹೊಳೆಯಲ್ಲಾಗಲಿ ಸಾಬೂನು ಬಳಸಬಾರದು. ಕೆಳಭಾಗದವರಿಗೆ ಹರಿದುಹೋಗುವುದು ಅದೇ ನೀರು.

ಮರಿಯಾದ ನಂತರ

2017ರ ಸೆಪ್ಟೆಂಬರ್ 18ರ ರಾತ್ರಿ 'ಮರಿಯಾ' ಚಂಡಮಾರುತ ದ್ವೀಪಕ್ಕೆ ಅಪ್ಪಳಿಸಿತು. ಬಹುಪಾಲು ಮನೆಗಳ ಚಾವಣಿ ಹಾರಿತು; ಕಾಡು ಎಲೆಯಿಲ್ಲದೆ ಬೋಳಾಯಿತು. ಹಾನಿ ಮತ್ತು ನಷ್ಟದ ಮೊತ್ತ ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ ಶೇ. 226ರಷ್ಟೆಂದು ಅಂದಾಜಿಸಲಾಯಿತು. ಬುಗ್ಗೆಗಳ ಕೊಳಗಳನ್ನೂ ಕಾಲುದಾರಿಗಳನ್ನೂ ಊರವರು ಮತ್ತೆ ಕಟ್ಟಬೇಕಾಯಿತು. ಈಚಿನ ವರ್ಷಗಳಲ್ಲಿ ಕುದಿಯುವ ಸರೋವರದ ಸಮೀಪಕ್ಕೆ ಕೇಬಲ್ ಕಾರ್ ನಿರ್ಮಿಸುವ ಕಾಮಗಾರಿ ಕೈಗೆತ್ತಿಕೊಳ್ಳಲಾಗಿದೆ. ವಿಹಾರ ನೌಕೆಯಲ್ಲಿ ಕೆಲವೇ ತಾಸುಗಳಿಗೆ ಬಂದಿಳಿಯುವವರಿಗೆ ಅದರಿಂದ ಅನುಕೂಲ. ಆದರೆ ಆರು ತಾಸು ಜೊತೆಗೆ ನಡೆದು, ಎಲ್ಲಿ ಕಾಲಿಡಬೇಕು ಎಲ್ಲಿ ಇಡಬಾರದು ಎಂದು ತೋರಿಸಿ ಬದುಕುವ ಮಾರ್ಗದರ್ಶಿಯ ಪಾಲು ಆಗ ಏನಾದೀತು ಎಂಬ ಪ್ರಶ್ನೆ ಉಳಿಯುತ್ತದೆ.

ಅದಕ್ಕೆ ಉತ್ತರ ಸರಕಾರದ ಕೈಯಲ್ಲಷ್ಟೇ ಇಲ್ಲ. ಯಾರ ಮನೆಯಲ್ಲಿ ಉಳಿಯುತ್ತೇವೆ, ಯಾರಿಗೆ ಕೂಲಿ ಕೊಡುತ್ತೇವೆ ಎಂಬ ಪ್ರವಾಸಿಗರ ಆಯ್ಕೆಯಲ್ಲೂ ಇದೆ. ನೆಲದ ಬಿಸಿ ಯಾರು ಬಂದರೂ ಬಾರದಿದ್ದರೂ ಇರುತ್ತದೆ. ಕೊಳವನ್ನು ಕಾಯುವ ಕುಟುಂಬ ಊರಿನಲ್ಲಿ ಉಳಿಯಬೇಕಾದರೆ ಬಂದವರು ಅತಿಥಿಗಳಂತೆ ನಡೆದುಕೊಳ್ಳಬೇಕು.